ಮೂವತ್ತೊಂಬತ್ತನೆಯ ಫಾರಂ

ಜುಲೈ 3, ಬುಧವಾರ

ಹದಿನಾಲ್ಕು ಪುಸ್ತಕ ಹೊಲಿದೆ. ಹನ್ನೊಂದು ಹಳೆಯ ಪತ್ರಗಳ ಸಂಪುಟ, ಮೂರು ಹಾಜರಿ ಪುಸ್ತಕ. ಅಂಟು ತೆಳುವಾಗಿತ್ತು, ಒಣಗುವುದು ತಡವಾಯಿತು. ಮಧ್ಯಾಹ್ನ ಕರೆಂಟ್ ಹೋಯಿತು. ಮೇಲಿನ ಮಹಡಿಯವರೆಲ್ಲ ಕಂಪ್ಯೂಟರ್ ಬಿಟ್ಟು ಕಿಟಕಿಗೆ ಬಂದು ನಿಂತರು. ಸೂಜಿ-ದಾರಕ್ಕೆ ಕರೆಂಟ್ ಬೇಡ. ನಾನು ಹೊಲಿಯುತ್ತಲೇ ಇದ್ದೆ, ಸ್ವಲ್ಪ ಜಂಬದಿಂದಲೇ.

ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟ್ ಕೆಳಗೆ ಬಂದರು. ಈ ಕೋಣೆಗೆ ಅವರು ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಮೂರನೆಯ ಸಲ ಇರಬೇಕು. ಕೂರಲಿಲ್ಲ.

"ಮಾರ್ಚ್‌ಗೆ ಬೈಂಡಿಂಗ್ ಸೆಕ್ಷನ್ ಮುಚ್ತಾರೆ ಕಣಮ್ಮ. ಎಲ್ಲ ಸ್ಕ್ಯಾನ್ ಆಗ್ತಿದೆಯಲ್ಲ."

"ಮತ್ತೆ ನಾನು?"

"ಗೇಟ್ ಹತ್ರ ಟೋಕನ್ ಕೊಡೋಕೆ ಹಾಕ್ತಾರೇನೋ." ಆಮೇಲೆ, ಹೋಗುತ್ತ ಹೋಗುತ್ತ: "ಕ್ಲರ್ಕ್ ಪೋಸ್ಟ್ ಒಂದು ಖಾಲಿ ಇದೆ. ಒಳಗಿನೋರಿಗೇ ಪರೀಕ್ಷೆ. ನಲವತ್ತೈದು ತುಂಬಿರಬಾರದು. ನಿಮಗೆಷ್ಟು?"

ಡಿಸೆಂಬರಿಗೆ ತುಂಬುತ್ತದೆ ಎಂದೆ.

"ಹಾಗಾದ್ರೆ ಇದೇ ಕೊನೇದು, ನೋಡಿ."

ಟೋಕನ್. ಒಂದು ಡಬ್ಬದಿಂದ ತೆಗೆದು ಕೊಡುವುದು, ಸಂಜೆ ಇನ್ನೊಂದು ಡಬ್ಬದಿಂದ ತೆಗೆದು ಹಿಂದಕ್ಕೆ ಹಾಕುವುದು... ಅರ್ಜಿ ಹಾಕುತ್ತೇನೆ.

ಜುಲೈ 5, ಶುಕ್ರವಾರ

ಅತ್ತಿಗೆಯೂ ಅರ್ಜಿ ಹಾಕಿದಳು. ಅಣ್ಣನ ಹೆಂಡತಿ; ಅದೇ ಆಫೀಸಿನ ಎರಡನೆಯ ಮಹಡಿಯಲ್ಲಿ ಅಟೆಂಡರ್. ದಿನವಿಡೀ ಫೈಲ್ ಹೊತ್ತು ಮೆಟ್ಟಿಲು ಹತ್ತುವುದು, ಇಳಿಯುವುದು. ಮೂವತ್ತೊಂಬತ್ತು ವರ್ಷ. ಅವಳಿಗೆ ಇನ್ನೂ ಅವಕಾಶವಿದೆ.

ಇರುವುದು ಒಂದೇ ಪೋಸ್ಟ್. ಮನೆಯಲ್ಲಿ ಇಬ್ಬರು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ನಮ್ಮಿಬ್ಬರ ಮುಖ ನೋಡಿದ. "ಇನ್ಮೇಲೆ ಈ ಮನೇಲಿ ನಾನು ಯಾರ ಪಕ್ಷ?" ಅವನ ಕೆಲಸ ಲಿಫ್ಟ್ ರಿಪೇರಿ. ಮೇಲೂ ಅಲ್ಲ, ಕೆಳಗೂ ಅಲ್ಲ, ನಡುವೆ ನಿಂತೇ ಅವನಿಗೆ ಅಭ್ಯಾಸ.

ಅತ್ತಿಗೆ ಹೇಳಿದಳು: "ನಾನು ಸುಮ್ನೆ ಜೊತೆಗೆ ಬರೀತೀನಿ ಕಣೇ ರಟ್ಟಮ್ಮ. ನಿನಗೆ ಸಿಗ್ಲಿ. ಆದ್ರೆ ಹಾಲ್‌ನಲ್ಲಿ ಕೂತ ಮೇಲೆ ಬಿಟ್ಟುಕೊಡಲ್ಲ, ಈಗಲೇ ಹೇಳಿರ್ತೀನಿ."

ಬಿಟ್ಟುಕೊಡು ಅಂತ ಕೇಳಿದವರು ಯಾರು ಎಂದೆ. ರಟ್ಟಮ್ಮ ಎಂದು ಕರೆಯುವುದು ಅವಳೊಬ್ಬಳೇ. ರಟ್ಟು ಕತ್ತರಿಸುತ್ತೇನೆ ಅಂತಲೋ, ರಟ್ಟಿನ ಹಾಗೆ ಬಿರುಸಾಗಿದ್ದೇನೆ ಅಂತಲೋ, ಹನ್ನೆರಡು ವರ್ಷದಲ್ಲಿ ಕೇಳಿಲ್ಲ.

ಜುಲೈ 14, ಭಾನುವಾರ, ಬೆಳಿಗ್ಗೆ

ಕಷ್ಟದ ಪತ್ರಿಕೆ ಇಂಗ್ಲಿಷ್. ಆಫೀಸಿನ ಪತ್ರ ಕೊಡುತ್ತಾರೆ, ಕನ್ನಡ ಮಾಡಬೇಕು. ನಿಘಂಟು ನೋಡಬಹುದು. ಹಾಗಾದರೆ ಕಷ್ಟವೇನು ಅಂದುಕೊಂಡಿದ್ದೆವು.

ಮನೆಯಲ್ಲಿ ಒಂದು ನಿಘಂಟಿದೆ. ಅಣ್ಣ ಓದುವಾಗ ಕೊಂಡದ್ದು. ಹೊಸದರ ಹಾಗೆಯೇ ಇದೆ, ಅವನು ಎಷ್ಟು ಓದಿದ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆಫೀಸಿನಿಂದ ಒಂದು ಹಳೆಯ ಪತ್ರದ ನಕಲು ತಂದಿದ್ದೆ. ಕೂತೆವು. ಒಬ್ಬಳು ಪದ ಹೇಳುವುದು, ಇನ್ನೊಬ್ಬಳು ಹುಡುಕುವುದು.

ಕ್ಯಾರೀಡ್ — ಇಲ್ಲ. ಸ್ಟಾಪ್ಡ್ — ಇಲ್ಲ. ಅಪ್ಲೈಡ್ ಇಲ್ಲ, ಎಕ್ಸಾಮಿನ್ಡ್ ಇಲ್ಲ. ಟ್ರೈಡ್ ಹುಡುಕಿ ಹುಡುಕಿ ಸಾಕಾಯಿತು. ಐದು ಪದ, ಐದೂ ಇಲ್ಲ.

"ಟ್ರೈ ಅಂತ ಒಂದು ಇದೆ ನೋಡು ಇಲ್ಲಿ," ಎಂದಳು ಅತ್ತಿಗೆ.

ಅದು ಬೇರೆ ಪದ ಎಂದೆ. ಎಂಥ ಧೈರ್ಯ ನನ್ನದು!

ಇಷ್ಟು ಪದ ಇಷ್ಟು ಕಡೆ ಇಲ್ಲವೆಂದರೆ ಪುಸ್ತಕದ್ದೇ ತಪ್ಪು. ಬೈಂಡಿಂಗ್‌ನಲ್ಲಿ ಫಾರಂ ಬಿಟ್ಟಿದ್ದಾರೆ. ಹದಿನಾರು ಪುಟದ ಒಂದೊಂದು ಕಟ್ಟಿಗೆ ಫಾರಂ ಅನ್ನುತ್ತೇವೆ. ದೊಡ್ಡ ಪುಸ್ತಕದಲ್ಲಿ ಒಂದೆರಡು ತಪ್ಪಿಹೋಗುವುದು ನಾನು ಕಾಣದ್ದಲ್ಲ. ಪುಟದ ಅಂಕಿ ಸರಿ ಇದ್ದವು. ಅಂಕಿಯನ್ನು ನಾನು ನಂಬುವುದಿಲ್ಲ. ಹೊಲಿಗೆಯನ್ನು ನೋಡಬೇಕು.

ಅದೇ ದಿನ, ಮಧ್ಯಾಹ್ನ

ಬಿಚ್ಚಿದೆ. ಬೆನ್ನಿನ ಬಟ್ಟೆ ಕಿತ್ತು, ಒಣ ಅಂಟು ಕೆರೆದು, ದಾರ ಕತ್ತರಿಸಿ, ಒಂದೊಂದೇ ಫಾರಂ ನೆಲದ ಮೇಲೆ ಜೋಡಿಸಿದೆ. ಕಾಲಿಡಲು ಜಾಗವಿರಲಿಲ್ಲ. ಅಣ್ಣ ಬಾಗಿಲಲ್ಲೇ ನಿಂತು, "ನನ್ನ ವಿದ್ಯೆಯನ್ನೆಲ್ಲ ಹರಡಿಬಿಟ್ರಲ್ಲ," ಎಂದ.

ನಲವತ್ತಾರು ಫಾರಂ. ಏಳುನೂರ ಮೂವತ್ತಾರು ಪುಟ. ಒಂದೂ ಬಿಟ್ಟಿಲ್ಲ. ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಜುಲೈ 16, ಮಂಗಳವಾರ

ನಿಘಂಟಿನ ಕತೆ ಹೇಳಿದೆ, ಆಫೀಸಿನ ಟೈಪಿಸ್ಟ್ ಮೇಡಂ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಆಯ್ತು, ಹೋಯ್ತು ಅನ್ನೋ ರೂಪ ಅವು. ಕೊನೇಲಿ ಇ-ಡಿ ಬರುತ್ತಲ್ಲ, ಅದು ಬಾಲ. ಬಾಲ ಇರೋದನ್ನ ನಿಘಂಟಲ್ಲಿ ಹಾಕಲ್ಲ ಕಣ್ರೀ. ಬಾಲ ಕತ್ತರಿಸಿ ಹುಡುಕ್ಬೇಕು. ಅದಕ್ಕೆ ಪುಸ್ತಕಾನೇ ಕತ್ತರಿಸೋದಾ?"

ಮುನ್ನುಡಿಯಲ್ಲಿ ಬರೆದಿರುತ್ತಾರಂತೆ. ಮನೆಗೆ ಬಂದು ನೋಡಿದೆ, ಆರನೆಯ ಪುಟ, ನಾಲ್ಕು ಸಾಲು. ಎಷ್ಟು ಸಾವಿರ ಮುನ್ನುಡಿ ಹೊಲಿದಿದ್ದೇನೋ. ಒಂದನ್ನೂ ಓದಿಲ್ಲ.

ತಪ್ಪಿ ನಡೆಯುವ ಪದಗಳನ್ನು ಮಾತ್ರ ಬೇರೆಯಾಗಿ ಕೊಟ್ಟಿದ್ದಾರೆ. ವೆಂಟ್ ಇದೆ, ಬಾಟ್ ಇದೆ. ಸರಿಯಾಗಿ ನಡೆಯುವುವು ಇಲ್ಲ. ಅತ್ತಿಗೆಗೆ ಇದು ಬಹಳ ಹಿಡಿಸಿತು. "ತಂಟೆ ಮಕ್ಳಿಗೆ ಬೇರೆ ಮನೆ. ಒಳ್ಳೆ ಮಕ್ಳು ಅಮ್ಮನ ಮಡಿಲಲ್ಲೇ. ನೋಡು, ಲೋಕದಲ್ಲಿ ತಂಟೆ ಮಾಡಿದೋರಿಗೇ ಹೆಸರು."

ಜುಲೈ 20, ಶನಿವಾರ

ಹೇಗೂ ಬಿಚ್ಚಿದ್ದಾಯಿತು. ಎರಡು ಪುಸ್ತಕ ಮಾಡಿದೆ. ಎ-ಯಿಂದ ಎಲ್-ವರೆಗೆ ಇಪ್ಪತ್ತನಾಲ್ಕು ಫಾರಂ. ಎಮ್-ನಿಂದ ಕೊನೆವರೆಗೆ ಇಪ್ಪತ್ತೆರಡು. ಒಂದು ವಾರ ಅದು ನನಗೆ, ಇದು ಅವಳಿಗೆ. ಶನಿವಾರ ಬದಲಿ. ಅವಳು ತನ್ನದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓದುತ್ತಾಳೆ.

ಆಗಸ್ಟ್ 11, ಭಾನುವಾರ

ಬಾಲ ಒಂದೇ ಥರ ಇಲ್ಲ. ಕೆಲವಕ್ಕೆ ಡಿ ಮಾತ್ರ ತೆಗೆಯಬೇಕು. ಕೆಲವಕ್ಕೆ ಇ-ಡಿ ಎರಡೂ. ಕೆಲವಕ್ಕೆ ಜೋಡಿ ಅಕ್ಷರದಲ್ಲಿ ಒಂದನ್ನೂ ಸೇರಿಸಿ ತೆಗೆಯಬೇಕು. ಕೆಲವಕ್ಕೆ ತೆಗೆದ ಮೇಲೆ ಐ ಒರೆಸಿ ವೈ ಹಾಕಬೇಕು. ನಾನು ನಾಲ್ಕು ನಿಯಮ ಗೋಡೆಗೆ ಅಂಟಿಸಿ, ಪ್ರತಿ ಪದಕ್ಕೂ ನಾಲ್ಕನ್ನೂ ಹಚ್ಚಿ ನೋಡುತ್ತೇನೆ. ತಪ್ಪುವುದಿಲ್ಲ. ನಿಧಾನ.

ಅತ್ತಿಗೆಗೆ ನಿಯಮ ಬೇಡ. ಅಂದಾಜಿನ ಮೇಲೆ ಪುಟ ತೆಗೆಯುತ್ತಾಳೆ. ಸಿಗದಿದ್ದರೆ, ಎಲ್ಲಿ ಹುಡುಕಿ ಸೋತಳೋ ಅಲ್ಲಿಯೇ ಅಂಚಿನಲ್ಲಿ ಪೆನ್ಸಿಲ್‌ನಿಂದ ಬಾಲದ ಪದ ಬರೆದು, ಪಕ್ಕದಲ್ಲಿ ತಾಯಿಪದ ಬರೆಯುತ್ತಾಳೆ. ಇನ್ನೊಂದು ಸಲ ಅಲ್ಲಿ ಸೋಲುವುದಿಲ್ಲ. ಅಂಚೆಲ್ಲ ಇರುವೆ ಸಾಲು.

ಪುಸ್ತಕದಲ್ಲಿ ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳಿದೆ. "ನಿಘಂಟು ಮಾಡಿದೋರು ಮರೆತಿದ್ದನ್ನ ನಾನು ಬರೀತಿದ್ದೀನಿ. ಮುಂದಿನ ಸಲ ಅಚ್ಚು ಹಾಕೋವಾಗ ನನ್ನನ್ನ ಕೇಳ್ಲಿ," ಎಂದಳು.

ಸೆಪ್ಟೆಂಬರ್ 8, ಭಾನುವಾರ

ಗೋಡೆ ಗಡಿಯಾರ ಇಟ್ಟುಕೊಂಡು ಹತ್ತು ಪದ ಹುಡುಕಿದೆವು. ನನಗೆ ಒಂಬತ್ತು ನಿಮಿಷ. ಅತ್ತಿಗೆಗೆ ಆರೂವರೆ.

ಸೆಪ್ಟೆಂಬರ್ 22, ಭಾನುವಾರ

ನನಗೆ ಎಂಟು. ಅವಳಿಗೆ ಐದು.

ಹಳೆಯ ಪತ್ರಗಳಲ್ಲಿ ಇರುವುದೆಲ್ಲ ಬಾಲದ ಪದಗಳೇ. ಪರಿಶೀಲಿಸಲಾಯಿತು, ತಿರಸ್ಕರಿಸಲಾಯಿತು, ಹಿಂದಿರುಗಿಸಲಾಯಿತು. ಎಲ್ಲ ಮುಗಿದ ಮೇಲೆಯೇ ಆಫೀಸು ಬಾಯಿ ಬಿಡುವುದು.

ಅಕ್ಟೋಬರ್ 19, ಶನಿವಾರ

ಟೈಪಿಸ್ಟ್ ಮೇಡಂ ಇಬ್ಬರಿಗೂ ಒಂದು ಮಾದರಿ ಪರೀಕ್ಷೆ ಕೊಟ್ಟರು, ಊಟದ ಬಿಡುವಿನಲ್ಲಿ. ಅತ್ತಿಗೆ ಎಪ್ಪತ್ತೊಂದು. ನಾನು ಅರವತ್ನಾಲ್ಕು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಬೇರೆಯೋರೆಲ್ಲ ಲೆಕ್ಕಕ್ಕಿಲ್ಲ. ನಿಮ್ಮಿಬ್ಬರಲ್ಲೇ ಒಬ್ಬರಿಗೆ ಬರುತ್ತೆ," ಎಂದರು. ಯಾರಿಗೆ ಅಂತ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಅತ್ತಿಗೆ ಬಸ್ಸಿನಲ್ಲಿ ಖುಷಿಯಾಗಿದ್ದಳು. ಅಡಗಿಸಲು ನೋಡಿದಳು, ಆಗಲಿಲ್ಲ. ನನಗೆ ಹೊಟ್ಟೆಕಿಚ್ಚು. ಇಲ್ಲಿ ಬರೆಯುವುದಕ್ಕೇನು, ಓದುವವರು ಯಾರೂ ಇಲ್ಲ. ಹೊಟ್ಟೆಕಿಚ್ಚು.

ನವೆಂಬರ್ 6, ಬುಧವಾರ

ಪರೀಕ್ಷೆ ಇಪ್ಪತ್ನಾಲ್ಕಕ್ಕೆ. ಸುತ್ತೋಲೆ ಬಂತು. ನಕಲು ಮಾಡಿಕೊಂಡಿದ್ದೇನೆ: ಒಬ್ಬರಿಗೆ ಮುದ್ರಿತ ನಿಘಂಟು ಒಂದು. ಇಡಿಯಾಗಿರಬೇಕು, ಬಿಡಿ ಭಾಗ ಸಲ್ಲದು. ಒಳಗೆ ಯಾವುದೇ ಕೈಬರಹ ಇರಕೂಡದು. ಕಂಡುಬಂದಲ್ಲಿ ಅಭ್ಯರ್ಥಿಯನ್ನು ಆ ಸಲದ ಪರೀಕ್ಷೆಯಿಂದ ಹೊರಗಿಡಲಾಗುವುದು.

ಅತ್ತಿಗೆಗೆ ಓದಿ ಹೇಳಿದೆ. "ಅಯ್ಯೋ ಶಿವನೇ, ನನ್ನ ಇರುವೆಗಳು!" ಎಂದಳು.

ಆಫೀಸಿನ ಲೈಬ್ರರಿಯಲ್ಲಿ ಇದೇ ನಿಘಂಟಿನ ಇನ್ನೊಂದು ಪ್ರತಿ ಇದೆ. ಎರಡು ವರ್ಷದ ಹಿಂದೆ ನಾನೇ ರಟ್ಟು ಹಾಕಿದ್ದು. ಕೇಳಿದೆ, ಕೊಟ್ಟರು. ಅದು ನನಗೆ. ಮನೆಯದನ್ನು ಕೂಡಿಸಿ ಒಂದು ಮಾಡಿ ಅತ್ತಿಗೆಗೆ ಕೊಡುವುದು ಎಂದಾಯಿತು.

ನವೆಂಬರ್ 10, ಭಾನುವಾರ

ಇಡೀ ದಿನ ಅಳಿಸಿದಳು. ಅಣ್ಣನನ್ನೂ ಕೂರಿಸಿದಳು. ನೆಲದ ತುಂಬ ರಬ್ಬರಿನ ಹುಡಿ. "ನಾಲ್ಕು ತಿಂಗಳು ಬರೆಯೋದು, ಒಂದು ದಿನ ಕೂತು ಅಳಿಸೋದು. ಇದಕ್ಕೇನಾ ಓದು ಅನ್ನೋದು?" ಎಂದ ಅವನು. ಅಳಿಸುವ ಮೊದಲು ಅವಳು ಪ್ರತಿಯೊಂದನ್ನೂ ಜೋರಾಗಿ ಓದುತ್ತಿದ್ದಳು. ಒಂದೂ ತಡವರಿಸಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಕೂತು ನನ್ನ ನಿಯಮ ಓದುತ್ತಿದ್ದೆ. ಅವಳ ದನಿಯೇ ಕೇಳಿಸುತ್ತಿತ್ತು.

ನವೆಂಬರ್ 16, ಶನಿವಾರ, ಬೆಳಿಗ್ಗೆ 7

ಇವತ್ತು ರಜೆ. ಎರಡು ಅರ್ಧಗಳನ್ನು ಬಿಚ್ಚಿ ಒಂದಾಗಿ ಹೊಲಿಯಬೇಕು. ಮುಂದಿನ ಕೋಣೆಯ ಕಿಟಕಿಯ ಬಳಿ ಹಲಗೆ ಹಾಕಿಕೊಂಡಿದ್ದೇನೆ. ದಾರಕ್ಕೆ ಮೇಣ ಹಚ್ಚಿಟ್ಟಿದ್ದೇನೆ.

ಅತ್ತಿಗೆ ಚಹಾ ತಂದಿಟ್ಟಳು. "ಹೊಲಿಯೋವಾಗ ಒಂದ್ಸಲ ನೋಡ್ಬಿಡು ಕಣೇ. ಏನಾದ್ರೂ ಉಳಿದಿದ್ರೆ ಅಳಿಸ್ಬಿಡು. ನಿನ್ನ ಕಣ್ಣಿಗೆ ಬಿದ್ದಷ್ಟು ನನ್ನ ಕಣ್ಣಿಗೆ ಬೀಳಲ್ಲ." ರಬ್ಬರನ್ನು ಕತ್ತರಿಯ ಪಕ್ಕದಲ್ಲೇ ಇಟ್ಟು ಹೋದಳು.

ಅದೇ ದಿನ, ಮಧ್ಯಾಹ್ನ 3

ಹೊಲಿದು ಮುಗಿಯಿತು. ಒತ್ತಲು ಭಾರದ ಹಲಗೆಯಡಿ ಇಟ್ಟಿದ್ದೇನೆ.

ಮೂವತ್ತೊಂಬತ್ತನೆಯ ಫಾರಂ. ನಡುವಿನ ಮಡಿಕೆ. ಪುಸ್ತಕ ಕಟ್ಟಿದ್ದಾಗ ಮಡಿಕೆಯೊಳಗೆ ಹೂತುಹೋಗಿದ್ದರಿಂದ ರಬ್ಬರ್ ಅಲ್ಲಿಗೆ ಹೋಗಿಲ್ಲ. ಬಿಚ್ಚಿ ಚಪ್ಪಟೆ ಮಾಡಿದಾಗ ಕಂಡಿತು. ಸಪ್ಲೈಡ್ ಎಂದು ಬರೆದು, ಪಕ್ಕದಲ್ಲಿ ಸಪ್ಲೈ. ಕೊನೆಯ ಅಕ್ಷರ ಮಡಿಕೆ ದಾಟಿ ಎದುರಿನ ಪುಟಕ್ಕೆ ಹೋಗಿದೆ. ಅವಳ ಅಕ್ಷರ ಯಾವಾಗಲೂ ಹಾಗೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ರಬ್ಬರ್ ಕೈಗೆಟಕುವಷ್ಟೇ ದೂರ. ಸೂಜಿ ಆಗಲೇ ಒಳಗೆ ಬಂದಿತ್ತು. ಸ್ವಲ್ಪ ಹೊತ್ತು ನೋಡಿದೆ. ಎಷ್ಟು ಹೊತ್ತು ಗೊತ್ತಿಲ್ಲ.

ದಾರ ಎಳೆದೆ. ಆ ಅಕ್ಷರದ ಮೇಲೆಯೇ ಹಾದುಹೋಯಿತು. ನಲವತ್ತನೆಯ ಫಾರಂ ತೆಗೆದುಕೊಂಡೆ.

ಅಡುಗೆಮನೆಯಿಂದ ಅತ್ತಿಗೆ: "ಏನಾದ್ರೂ ಉಳಿದಿತ್ತಾ?"

"ಇಲ್ಲ."

ನವೆಂಬರ್ 17, ಭಾನುವಾರ

ಅದು ಕಾಣುವುದಿಲ್ಲ. ಹೊಲಿಗೆ ಬಿಗಿ, ಪುಸ್ತಕ ದಪ್ಪ. ಮಡಿಕೆಯ ತಳ ನೋಡುವವರು ಯಾರು. ಕಾಣದಿದ್ದ ಮೇಲೆ ತಪ್ಪೇನಿದೆ?

ಕಾಣುವುದಿಲ್ಲ ಎಂದಿದ್ದರೆ ಅಳಿಸಲು ಏನಾಗಿತ್ತು ರೋಗ... ಇಷ್ಟು ಬರೆದು ನಿಲ್ಲಿಸುತ್ತೇನೆ.

ನವೆಂಬರ್ 24, ಭಾನುವಾರ, ಸಂಜೆ

ಹಾಲ್‌ನಲ್ಲಿ ಹತ್ತೊಂಬತ್ತು ಜನ. ನಾನು ಎರಡನೆಯ ಸಾಲು, ಅತ್ತಿಗೆ ನನ್ನ ಎಡಕ್ಕೆ, ನಡುವೆ ಓಡಾಡುವ ದಾರಿ. ಮೇಲ್ವಿಚಾರಕ ಹೊರಗಿನಿಂದ ಬಂದವನು, ವಯಸ್ಸಾದವನು. ಪ್ರತಿ ನಿಘಂಟನ್ನೂ ಎರಡು ರಟ್ಟು ಹಿಡಿದು ತಲೆಕೆಳಗು ಮಾಡಿ ಕೊಡವಿದ. ಆಮೇಲೆ ಮೇಜಿನ ಮೇಲಿಟ್ಟು ನಾಲ್ಕು ಕಡೆ ತೆರೆದು, ಅಂಗೈಯಿಂದ ಒತ್ತಿ ನೋಡಿದ.

ಹೊಸದಾಗಿ ಹೊಲಿದ ಪುಸ್ತಕ ಫಾರಂನ ನಡುವಿಗೇ ತೆರೆದುಕೊಳ್ಳುತ್ತದೆ. ನನಗೆ ಗೊತ್ತಿತ್ತು. ಅಂಥ ನಡು ನಲವತ್ತಾರು. ಅವನು ನೋಡಿದ್ದು ನಾಲ್ಕು. ಅದರಲ್ಲಿ ಅದು ಮೂರನೆಯದು.

"ಇದೇನಮ್ಮ?"

ಅತ್ತಿಗೆ ಬಗ್ಗಿ ನೋಡಿದಳು. ನಿಜವಾಗಿ ಆಶ್ಚರ್ಯಪಟ್ಟಳು. "ಅಯ್ಯೋ, ಒಂದೇ ಒಂದು ಪದ ಸಾರ್. ಅಳಿಸಿದ್ದೆ, ಉಳಿದುಹೋಗಿದೆ. ಈಗಲೇ ಅಳಿಸಿಕೊಡ್ತೀನಿ."

"ಒಂದಾದ್ರೇನು, ನೂರಾದ್ರೇನು. ಕೈಬರಹ ಕೈಬರಹವೇ." ಕೆಂಪು ಶಾಯಿಯಿಂದ ಅದಕ್ಕೆ ಸುತ್ತು ಹಾಕಿ, ಸಹಿ ಮಾಡಿ, ಪುಸ್ತಕ ಅವಳ ಕೈಗೇ ಕೊಟ್ಟ. ಅವಳು ಪೆನ್ನು, ಹಾಲ್ ಟಿಕೆಟ್, ನೀರಿನ ಬಾಟಲಿ ಒಂದೊಂದಾಗಿ ಎತ್ತಿಕೊಂಡಳು. ಹೋಗುತ್ತ ನನ್ನ ಮೇಜನ್ನು ಬೆರಳಿಂದ ಮೆಲ್ಲಗೆ ಕುಟ್ಟಿ, "ಚೆನ್ನಾಗಿ ಬರಿ," ಎಂದಳು.

ಬರೆದೆ. ಚೆನ್ನಾಗಿಯೇ ಬರೆದೆ. ಆ ಪದ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲ.

ಮೂರು ಗಂಟೆ ಕಳೆದು ಹೊರಗೆ ಬಂದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮನೆಗೆ ಹೋಗಿಲ್ಲ. ಮೂಗು ಕೆಂಪಾಗಿತ್ತು. "ನನ್ನ ಕಣ್ಣಿಗೆ ಮಣ್ಣು ಹಾಕ. ಹೋಗ್ಲಿ ಬಿಡು. ನಿನ್ನ ಪುಸ್ತಕದಲ್ಲಿ ಏನೂ ಸಿಗ್ಲಿಲ್ಲವಲ್ಲ, ಅಷ್ಟೇ ಸಾಕು. ಕಷ್ಟ ಇತ್ತಾ?"

ಇರಲಿಲ್ಲ ಎಂದೆ.

ಡಿಸೆಂಬರ್ 20, ಶುಕ್ರವಾರ

ಫಲಿತಾಂಶ. ನನ್ನ ಹೆಸರು. ಅರವತ್ತೆಂಟು.

ಅತ್ತಿಗೆ ಎರಡನೆಯ ಮಹಡಿಯಿಂದ ಮೆಟ್ಟಿಲು ಹಾರಿ ಇಳಿದು ಬಂದು ತಬ್ಬಿಕೊಂಡಳು. ನನ್ನ ಕೈಯಲ್ಲಿ ಅಂಟಿತ್ತು. ಅವಳ ಸೀರೆಗೆ ಹತ್ತಿತು. ಬಿಡಿಸಿಕೊಳ್ಳಲು ಅದೇ ನೆಪ ಮಾಡಿದೆ. ಎಲ್ಲರಿಗೂ ಸಿಹಿ ಹಂಚಿದವಳೂ ಅವಳೇ. ಸೂಪರಿಂಟೆಂಡೆಂಟ್, "ಅತ್ತಿಗೆ-ನಾದಿನಿ ಅಂದ್ರೆ ಹೀಗಿರ್ಬೇಕು," ಎಂದರು.

ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ.

ಜನವರಿ 8, ಬುಧವಾರ

ಮೊದಲ ಮಹಡಿ, ಕಿಟಕಿ ಪಕ್ಕದ ಮೇಜು. ಕುರ್ಚಿಗೆ ಚಕ್ರ ಇದೆ. ಬಂದ ಪತ್ರಕ್ಕೆ ನಂಬರ್ ಹಾಕುವುದು. ಬೆರಳಿನ ಅಂಟು ವಾರದಲ್ಲಿ ಹೋಯಿತು. ಗಟ್ಟಿ ಚರ್ಮ ಇನ್ನೂ ಇದೆ.

ಮಾರ್ಚ್‌ವರೆಗೆ ಬೈಂಡಿಂಗ್ ಕೋಣೆಗೆ ಒಂದು ಕೈ ಬೇಕಂತೆ, ಬಾಕಿ ಕೆಲಸ ಮುಗಿಸಲು. ಅತ್ತಿಗೆಯನ್ನು ಹಾಕಿದ್ದಾರೆ. "ಮನೇಲಿ ನೋಡಿ ಗೊತ್ತಿರುತ್ತಲ್ಲ," ಅಂದರಂತೆ. ನನ್ನ ಸ್ಟೂಲಿನ ಮೇಲೆ ಅವಳು ಕೂತಿದ್ದಾಳೆ. ಊಟದ ಬಿಡುವಿನಲ್ಲಿ ಕೆಳಗಿಳಿದು ಕಲಿಸುತ್ತೇನೆ.

ಜನವರಿ 15, ಬುಧವಾರ

ಬೇಗ ಕಲಿಯುತ್ತಾಳೆ. ಕಲಿಯುತ್ತಾಳೆಂದು ಗೊತ್ತಿತ್ತು. ಸೂಜಿ ಎಲ್ಲಿ ಚುಚ್ಚುವುದು ಎಂದು ಕೇಳಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಇಪ್ಪತ್ತೆರಡು ವರ್ಷದ ಹಿಂದೆ ನನಗೆ ಹೇಳಿಕೊಟ್ಟ ಮುದುಕ ಹೇಳುತ್ತಿದ್ದದ್ದು: ಬೇರೆ ಕಡೆ ಕಣ್ಣು ಮುಚ್ಚಿಕೊಂಡರೂ ಪರವಾಗಿಲ್ಲ, ಫಾರಂನ ನಡು ಮಾತ್ರ ನೋಡಬೇಕು. ಅಲ್ಲಿ ನೋಡದೆ ದಾರ ಎಳೆಯಲಾಗುವುದಿಲ್ಲ.

"ನಡು ಮಾತ್ರ ನೋಡ್ಬೇಕು," ಎಂದು ಅವಳೂ ಒಮ್ಮೆ ಹೇಳಿಕೊಂಡಳು, ಮಗ್ಗಿ ಒಪ್ಪಿಸುವ ಹಾಗೆ.

ಫೆಬ್ರವರಿ 1, ಶನಿವಾರ

"ನಾಳೆ ಭಾನುವಾರ ಅಭ್ಯಾಸಕ್ಕೆ ಒಂದು ಪುಸ್ತಕ ಬೇಕು. ಆಫೀಸಿಂದು ಯಾಕೆ ಹಾಳು ಮಾಡ್ಲಿ? ನಮ್ಮ ನಿಘಂಟೇ ಬಿಚ್ಚಿ ಹೊಲೀತೀನಿ." ಅತ್ತಿಗೆ, ತಟ್ಟೆ ತೊಳೆಯುತ್ತ.

ಹಳೆಯ ಹಾಜರಿ ಪುಸ್ತಕ ತಂದುಕೊಡುತ್ತೇನೆ ಎಂದೆ. ಬೇಡವಂತೆ. ಹಾಗಾದರೆ ನಾನೇ ಬಿಚ್ಚಿಕೊಡುತ್ತೇನೆ, ನೀನು ಹೊಲಿ ಎಂದೆ.

"ನೀನೇ ಬಿಚ್ಚಿದ್ರೆ ನಾನು ಕಲಿಯೋದೇನು, ತಲೆ? ಹೇಗೂ ಅದನ್ನ ನೋಡೋಕೆ ಮನಸ್ಸಾಗ್ದೆ ಬೀರು ಮೇಲೆ ಎಸೆದಿದ್ದೆ. ಮುಂದಿನ ಪರೀಕ್ಷೆಗೆ ಮತ್ತೆ ಓದ್ಬೇಕಲ್ಲ. ಎಷ್ಟು ದಿನ ಮುಖ ತಿರುಗಿಸ್ಕೊಂಡು ಕೂರ್ಲಿ?"

ಅವಳು ಸ್ನಾನಕ್ಕೆ ಹೋದಾಗ ಬೀರುವಿನ ಮೇಲಿಂದ ತೆಗೆದು ನೋಡಿದೆ. ಕೆಂಪು ಸುತ್ತು, ಸಹಿ. ರಬ್ಬರಿಗೆ ಹೋಗುವಂಥದ್ದಲ್ಲ. ಸುತ್ತಿನ ನಡುವೆ ಪೆನ್ಸಿಲ್ ಅಕ್ಷರ, ಅದರ ಮೇಲೆ ನನ್ನ ದಾರ. ಅವತ್ತು ಹಾಲ್‌ನಲ್ಲಿ ಅವಳು ನೋಡಿದ್ದು ಅಕ್ಷರವನ್ನು. ದಾರ ಅವಳ ಕಣ್ಣಿಗೆ ದಾರವಾಗಿರಲಿಲ್ಲ ಆಗ. ಈಗ ಅವಳಿಗೆ ಹೊಲಿಗೆ ಬರುತ್ತದೆ.

ಹರಿದು ಹಾಕಲೇ ಎಂದೂ ಅನ್ನಿಸಿತು. ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಸಡಿಲವಾಗುತ್ತದೆ, ಅದೂ ಅವಳಿಗೆ ಗೊತ್ತಾಗುತ್ತದೆ. ನಾನೇ ಕಲಿಸಿದ್ದೇನೆ.

ಎತ್ತಿದ ಜಾಗದಲ್ಲೇ ಇಟ್ಟೆ.

ಫೆಬ್ರವರಿ 2, ಭಾನುವಾರ, ಬೆಳಿಗ್ಗೆ 11

ಅಣ್ಣ ಯಾವುದೋ ಲಿಫ್ಟ್ ನಿಂತಿದೆ ಎಂದು ಹೋದ. ಅತ್ತಿಗೆ ಮುಂದಿನ ಕೋಣೆಯಲ್ಲಿ, ಕಿಟಕಿಯ ಬಳಿ, ಹಲಗೆ ಹಾಕಿಕೊಂಡು ಕೂತಿದ್ದಾಳೆ. ನಾನು ಒಳಗೆ. ಬಾಗಿಲು ಅರ್ಧ ತೆರೆದಿದೆ. ಫಾರಂ ತೆರೆದು, ನಡುವಿನ ದಾರ ಕತ್ತರಿಸಿ, ಎತ್ತಿ ಪಕ್ಕಕ್ಕಿಡುವುದು. ಎಣಿಸುತ್ತಿದ್ದಾಳೆ, ಬಾಯಿಬಿಟ್ಟು. ತಪ್ಪಬಾರದೆಂದು ನಾನೇ ಹಾಗೆ ಹೇಳಿಕೊಟ್ಟಿದ್ದು.

ಇಪ್ಪತ್ತೆಂಟು.

ಕ್ಷಮಿಸುತ್ತಾಳೋ ಏನೋ. ಅವಳು ಕ್ಷಮಿಸಿಬಿಡುವವಳೇ. ಅದೇ ಭಯ. ಬೈದರೆ ತಡೆದುಕೊಳ್ಳಬಲ್ಲೆ.

ಕುರ್ಚಿ ಬಿಟ್ಟುಕೊಡಬಹುದು. ರಾಜೀನಾಮೆ ಕೊಟ್ಟರೂ ಅದು ಅವಳಿಗೆ ಹೋಗುವುದಿಲ್ಲ, ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಅವಳು ಪರೀಕ್ಷೆಯನ್ನೇ ಬರೆದಿಲ್ಲ. ಸರಿಮಾಡುವ ದಾರಿ ಒಂದೂ ಇಲ್ಲ. ಹೇಳುವುದೊಂದೇ ಉಳಿದಿದೆ.

ಮೂವತ್ತೊಂದು. ಕೈ ಚುರುಕಾಗಿದೆ ಅವಳದು.

ಅವಳಿಗೆ ಕಂಡ ಮೇಲೆ ಹೋದರೆ ಸಿಕ್ಕಿಬಿದ್ದ ಕಳ್ಳಿ. ಈಗ ಹೋದರೂ ಕಳ್ಳಿಯೇ, ಆದರೆ ನನ್ನ ಕಾಲಿನ ಮೇಲೆ ನಡೆದುಹೋದವಳು. ಅಷ್ಟು ವ್ಯತ್ಯಾಸಕ್ಕೆ ಇನ್ನು ಏಳೆಂಟು ನಿಮಿಷ ಇರಬೇಕು.

ಮೂವತ್ತಮೂರು.

ಕತ್ತರಿ ನಿಂತಿತು. "ರಟ್ಟಮ್ಮಾ, ಒಂಚೂರು ಚಹಾ ಮಾಡ್ಲಾ? ಬೆನ್ನು ಹಿಡ್ಕೊಂಡಿದೆ ಕಣೇ."

ಬೇಡ ಎಂದೆ. ಕೂತಿರು, ಬರ್ತೀನಿ, ಒಂದು ಮಾತಿದೆ ಎಂದೆ.

"ಬಾ ಹಾಗಾದ್ರೆ. ಬರೋವಾಗ ಇನ್ನೊಂದು ಕತ್ತರಿ ತಗೊಂಡು ಬಾ, ಇದು ಮೊಂಡು."

ಹೇಳಬೇಕಾದದ್ದು ಒಂದೇ ವಾಕ್ಯ. ಇಲ್ಲಿ ಒಮ್ಮೆ ಬರೆದು ನೋಡಿಕೊಂಡು ಹೋಗುತ್ತೇನೆ, ಅಲ್ಲಿ ಬಾಯಿ ಕಟ್ಟದಿರಲಿ. ಅತ್ತಿಗೆ, ಅವತ್ತು ನೀನು ಅಡುಗೆಮನೆಯಿಂದ ಕೇಳಿದಾಗ ನಾನು